ಸಾಯದ ಸೆನ್ಸರಿಗೆ ಎರಡು ಸಲ ತಿಥಿ

ಬಹಳ ದಿನಗಳಿಂದ ಇತ್ತ ತಲೆ ಹಾಕಿರಲಿಲ್ಲ. ಸೋಮಾರಿತನವೇ ಮುಖ್ಯ ಕಾರಣವಾದರೂ ಈ ಸಲ ಮರ್ಯಾದೆಯಿಂದ ಹೇಳಿಕೊಳ್ಳಬಹುದಾದ ಒಂದು ನೆಪವೂ ಇದೆ. ನಮ್ಮ ಕಾರಿನ ಇಂಜಿನ್ ಒಂದೂವರೆ ತಿಂಗಳು ಬಿಚ್ಚಿಟ್ಟ ಸ್ಥಿತಿಯಲ್ಲಿತ್ತು, ಅದರ ಜೊತೆಗೆ ನನ್ನ ಪರ್ಸೂ!

ಈಗ ಇದನ್ನು ಟೈಪಿಸುತ್ತಾ ಇರೋ ಮೇಜಿನ ಮೇಲೆ ಎರಡು ಸೆನ್ಸರುಗಳಿವೆ. ಹೆಬ್ಬೆರಳಿನ ಗಾತ್ರ, ಹಿತ್ತಾಳೆಯ ಮೈ, ಮೇಲೊಂದು ಪ್ಲಾಸ್ಟಿಕ್ ಟೋಪಿ, ಟೋಪಿಯೊಳಗೆ ಎರಡು ಪಿನ್ನು. ಇಂಜಿನ್ನಿನ ಕೂಲಂಟ್ ಎಷ್ಟು ಬಿಸಿಯಾಗಿದೆ ಅಂತ ಕಾರಿನ ಕಂಪ್ಯೂಟರಿಗೆ ಹೇಳೋದಷ್ಟೇ ಇವುಗಳ ಕೆಲಸ. ಎರಡೂ ಸತ್ತಿವೆ ಅಂತ ಬೆಂಗಳೂರಿನ ಒಂದು ಗ್ಯಾರೇಜು ಬಿಲ್ಲು ಸಮೇತ ಘೋಷಿಸಿತ್ತು. ಮೊನ್ನೆ ಭಾನುವಾರ ಮಲ್ಟಿಮೀಟರ್ ತಂದು ನಾನೇ ಅಳೆದು ನೋಡಿದೆ. ಎರಡೂ ಗುಂಡುಕಲ್ಲಿನ ಹಾಗಿವೆ! ಹಾಗಾದರೆ ನಾನು ದುಡ್ಡು ಕೊಟ್ಟಿದ್ದು ಯಾವುದಕ್ಕೆ? ಈ ಬರಹ ಅದರ ಬಗ್ಗೆ.

ಕಥೆ ಶುರುವಾಗಿದ್ದು ಹೀಗೆ. ನಮ್ಮದು 2004ರ ಗಾಡಿ, ಅಪ್ಪ ಕೊಂಡಿದ್ದು. (ಕಂಪನಿ ಯಾವುದು ಅಂತ ಕೇಳಬೇಡಿ, ಅದರ ತಪ್ಪೇನೂ ಇಲ್ಲ.) ಒಂದು ಬೆಳಿಗ್ಗೆ ಚೆಕ್ ಇಂಜಿನ್ ದೀಪ ಹತ್ತಿಕೊಂಡಿತು. ಜೊತೆಗೆ, ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನು ರೊಂಯ್ ಅಂತ ತಿರುಗೋಕೆ ಶುರು. ಬೆಳಿಗ್ಗೆ ಆರು ಗಂಟೆಯ ಚಳಿಯಲ್ಲಿ, ಇಂಜಿನ್ ತಣ್ಣಗೆ ಕೊರೀತಾ ಇರುವಾಗ ಫ್ಯಾನ್ ಯಾಕಪ್ಪಾ? ಗ್ಯಾರೇಜಿಗೆ ತಗೊಂಡು ಹೋದೆ. ಟೈಲ್ಸ್ ಹಾಕಿದ ನೆಲ, ಗಾಜಿನ ಕ್ಯಾಬಿನ್, ಕಾಫಿ ಮೆಷಿನ್ನು ಇರೋ ಗ್ಯಾರೇಜು. ಹುಡುಗ ಬಂದು ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ. ಪರದೆ ಮೇಲೆ ಪಿ0118 ಅಂತ ಬಂತು. "ಸಾರ್, ಕೂಲಂಟ್ ಟೆಂಪರೇಚರ್ ಸೆನ್ಸರ್ ಹೋಗಿದೆ" ಅಂದ. ಇಪ್ಪತ್ತು ನಿಮಿಷ, 1,850 ರೂಪಾಯಿ. ದೀಪ ಆರಿತು, ಫ್ಯಾನು ಸುಮ್ಮನಾಯಿತು. ನಾನಂತೂ ಫುಲ್ ಖುಷ್. ಹಿಂದೆ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡು ಜೋಯಿಸರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದದ್ದು ನೆನಪಾಗಿ, ಕಾಲ ಎಷ್ಟು ವೈಜ್ಞಾನಿಕ ಆಗಿದೆ ಅಂತ ಮನೆಯಲ್ಲಿ ಭಾಷಣ ಬೇರೆ ಬಿಗಿದೆ.

ಹದಿನೆಂಟು ದಿನಕ್ಕೆ ದೀಪ ಮತ್ತೆ ಹತ್ತಿತು. ಅದೇ ಸ್ಕ್ಯಾನರ್, ಅದೇ ಪಿ0118. "ಸಾರ್, ಫಸ್ಟ್ ಹಾಕಿದ್ದು ಲೋಕಲ್ ಪೀಸು. ಈ ಸಲ ಒರಿಜಿನಲ್ಲೇ ಹಾಕಿಬಿಡೋಣ." 2,600 ರೂಪಾಯಿ. ಹಳೇ ಸೆನ್ಸರುಗಳನ್ನು ಕೇಳಿ ಇಸ್ಕೊಂಡು ಬಂದಿದ್ದೊಂದೇ ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆ. ಅದೂ ಬುದ್ಧಿಯಿಂದಲ್ಲ, ಏನನ್ನೂ ಬಿಸಾಡಲಾರದ ಚಟದಿಂದ.

ಈಗ ಆ ಪಿ0118 ನಿಜವಾಗಿ ಏನು ಹೇಳುತ್ತೆ ನೋಡೋಣ. ಇಡೀ ತಮಾಷೆ ಇರೋದು ಇಲ್ಲೇ.

ಈ ಸೆನ್ಸರಿನ ಒಳಗಿರೋದು ಥರ್ಮಿಸ್ಟರ್ ಅನ್ನೋ ಒಂದು ಚೂರು. ಸಾಮಾನ್ಯವಾಗಿ ಲೋಹದ ತಂತಿ ಬಿಸಿಯಾದಷ್ಟೂ ವಿದ್ಯುತ್ತಿಗೆ ಅದರ ಪ್ರತಿರೋಧ ಹೆಚ್ಚಾಗುತ್ತೆ. ಇದು ಉಲ್ಟಾ ಗಿರಾಕಿ, ಬಿಸಿಯಾದಷ್ಟೂ ಪ್ರತಿರೋಧ ಕಡಿಮೆ. (ಇಂಥ ಉಲ್ಟಾ ಗುಣವನ್ನು 1833ರಲ್ಲೇ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡಿನಲ್ಲಿ ಗಮನಿಸಿದ್ದ. ಆಗ ಕಾರೂ ಇರಲಿಲ್ಲ, ಶಿರಾಡಿ ಘಾಟಿಯ ಟಾರು ರಸ್ತೆಯೂ ಇರಲಿಲ್ಲ.) ಕಾರಿನ ಕಂಪ್ಯೂಟರು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟನ್ನು ಈ ಸೆನ್ಸರಿಗೆ ಕಳಿಸುತ್ತೆ, ಇನ್ನೊಂದು ವಯರಿನಲ್ಲಿ ಅದು ವಾಪಸ್ ಬರುತ್ತೆ. ಇಂಜಿನ್ ತಣ್ಣಗಿದ್ದರೆ ಸೆನ್ಸರ್ ಕರೆಂಟನ್ನು ಹೆಚ್ಚು ತಡೆಯುತ್ತೆ, ವೋಲ್ಟೇಜ್ ಮೇಲೆ ಉಳಿಯುತ್ತೆ. ಬಿಸಿಯಾದರೆ ವೋಲ್ಟೇಜ್ ಇಳಿಯುತ್ತೆ. ಆ ವೋಲ್ಟೇಜ್ ನೋಡಿ ಕಂಪ್ಯೂಟರು ಶಾಖದ ಲೆಕ್ಕ ಹಾಕುತ್ತೆ, ಅಷ್ಟೇ. ಅದು ಇಂಜಿನ್ನನ್ನು ಮುಟ್ಟಿ ನೋಡಿಲ್ಲ, ಸೆನ್ಸರನ್ನೂ ನೋಡಿಲ್ಲ. ಅದಕ್ಕೆ ಕಾಣೋದು ತನ್ನ ಬಾಗಿಲಿಗೆ ಬಂದ ವೋಲ್ಟೇಜ್ ಒಂದೇ.

ಪಿ0118 ಅಂದರೆ ಆ ವೋಲ್ಟೇಜು ಇರಬೇಕಾದ್ದಕ್ಕಿಂತ ಮೇಲಿದೆ, ಹೆಚ್ಚುಕಡಿಮೆ ಪೂರ್ತಿ 5 ಇದೆ, ಅಂತ. ಅಂದರೆ ಕರೆಂಟು ಎಲ್ಲೋ ಹರೀತಾ ಇಲ್ಲ. ಎಲ್ಲಿ? ಅದನ್ನು ಕೋಡು ಹೇಳಲ್ಲ! ಸೆನ್ಸರ್ ಒಳಗೆ ಕಡಿದಿರಬಹುದು. ವಯರು ಇಲಿ ಕಡಿದಿರಬಹುದು. ಕಪ್ಲರ್ ಒಳಗಿನ ಪಿನ್ನು ಹಸಿರು ಕಿಲುಬು ಹಿಡಿದಿರಬಹುದು. ಕಪ್ಲರೇ ಕಳಚಿ ನೇತಾಡ್ತಾ ಇರಬಹುದು. ಎಲ್ಲಕ್ಕೂ ಕೋಡು ಒಂದೇ. ಇದರ ತಮ್ಮ ಪಿ0117, ವೋಲ್ಟೇಜ್ ತೀರಾ ಕಡಿಮೆ, ಅಂದರೆ ಎಲ್ಲೋ ಶಾರ್ಟ್ ಆಗಿದೆ ಅಂತ. ಅಲ್ಲೂ ಅಷ್ಟೇ, ಎಲ್ಲಿ ಅಂತ ಹೇಳಲ್ಲ. ಪಿ0119 ಅಂದರೆ ಬಂದು ಹೋಗಿ ಮಾಡ್ತಾ ಇದೆ ಅಂತ. ಇವೆಲ್ಲ ಪೊಲೀಸ್ ಕಂಟ್ರೋಲ್ ರೂಮಿಗೆ "ಈ ಬೀದಿಯಲ್ಲಿ ಏನೋ ಗಲಾಟೆ" ಅಂತ ಬಂದ ಫೋನ್ ಇದ್ದ ಹಾಗೆ. ಫೋನು ಬಂದ ಕೂಡಲೇ ಬೀದಿಯ ಮೊದಲನೇ ಮನೆಯವನನ್ನು ಒಳಗೆ ಹಾಕಿದರೆ?

ಕರೆಂಟ್ ಪೂರ್ತಿ ಕಡಿದಾಗ ಕಂಪ್ಯೂಟರಿನ ಲೆಕ್ಕಕ್ಕೆ ಇಂಜಿನ್ನಿನ ಶಾಖ ಮೈನಸ್ 40 ಡಿಗ್ರಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅಂಥ ಊರಲ್ಲಿ ಮೈನಸ್ 40 ಅಂದರೆ ನಂಬೋಕಾಗಲ್ಲ ಅಂತ ಕಂಪ್ಯೂಟರಿಗೂ ಗೊತ್ತು. ಅದಕ್ಕೇ ದೀಪ ಹತ್ತಿಸಿ, ಯಾವುದಕ್ಕೂ ಇರಲಿ ಅಂತ ಫ್ಯಾನನ್ನು ಸದಾ ಓಡಿಸುತ್ತೆ. ನಮ್ಮ ಕಾರು ಬೆಳಿಗ್ಗೆ ಆರಕ್ಕೆ ಮಾಡ್ತಾ ಇದ್ದದ್ದು ಇದನ್ನೇ. ಪಾಪ, ಕಾರು ಸರಿಯಾಗಿಯೇ ಮಾತಾಡಿತ್ತು. ಕೇಳಿಸಿಕೊಂಡವರು ಅರ್ಧಕ್ಕೇ ಎದ್ದು ಹೋಗಿದ್ದರು.

ಇಲ್ಲಿಗೇ ಮುಗಿದಿದ್ದರೆ ನಾಲ್ಕೂವರೆ ಸಾವಿರ ಹೋಯ್ತು ಅಂತ ಸುಮ್ಮನಾಗಿರ್ತಿದ್ದೆ, ಬ್ಲಾಗು ಬರೆಯೋ ಮಟ್ಟಕ್ಕೆ ಹೋಗ್ತಿರಲಿಲ್ಲ. ಮುಂದಿನದು ಕೇಳಿ.

ದೀಪಾವಳಿಗೆ ಪುತ್ತೂರಿನ ಕಡೆ ಊರಿಗೆ ಹೋಗಿದ್ದೆವು. ವಾಪಸ್ ಬರುವಾಗ ಅಮ್ಮನೂ ಜೊತೆಗಿದ್ದರು. ಹಿಂದಿನ ಸೀಟಲ್ಲಿ ಅಮ್ಮ, ಅಮ್ಮನ ಪಕ್ಕ ಎರಡು ಹಲಸಿನ ಹಪ್ಪಳದ ಡಬ್ಬ, ಒಂದು ಬಾಳೆಗೊನೆ. ಗುಂಡ್ಯದಲ್ಲಿ ಚಾ ಕುಡಿದು ಘಾಟಿ ಹತ್ತೋಕೆ ಶುರು ಮಾಡಿದಾಗ ಸಂಜೆ ನಾಲ್ಕೂವರೆ. ಐದಾರು ಕಿಲೋಮೀಟರ್ ಹತ್ತಿರಬಹುದು, ಟೆಂಪರೇಚರ್ ಮುಳ್ಳು ಮೆಲ್ಲಗೆ ಮುಕ್ಕಾಲಕ್ಕೆ ಬಂತು. ಎಸಿ ಆಫ್ ಮಾಡಿದೆ, ಗಾಜು ಇಳಿಸಿದೆ. ಮುಂದೆ ಟ್ಯಾಂಕರ್ ಲಾರಿಗಳ ಸಾಲು, ಸೆಕೆಂಡ್ ಗೇರಿನಲ್ಲೇ ತೆವಳಾಟ. ಮುಳ್ಳು ಇನ್ನೇನು ಕೆಂಪಿಗೆ ಮುಟ್ಟಬೇಕು, ಅಷ್ಟರಲ್ಲಿ ಸರ್ರನೆ ಇಳಿದು ತಣ್ಣಗಿನ ಗೆರೆಗೆ ಹೋಗಿ ಕೂತಿತು!

"ನೋಡಮ್ಮ, ಗಾಳಿ ಬಿತ್ತಲ್ಲ, ಸರಿಹೋಯ್ತು" ಅಂದೆ.

"ಅಷ್ಟು ಬೇಗ ಹೇಗೆ ತಣಿಯುದು ಮಾರಾಯ? ಉಕ್ಕುವ ಹಾಲು ಇಳಿಬೇಕಾದ್ರೂ ಒಲೆಯ ಬೆಂಕಿ ತೆಗೀಬೇಕು" ಅಂದರು ಅಮ್ಮ.

ಇಂಜಿನಿಯರಿಂಗ್ ಓದಿದ ಮಗ ನಕ್ಕ. ಗಾಡಿ ಮುಂದೆ ಓಡಿಸಿದ. ಎರಡು ಕಿಲೋಮೀಟರಿಗೆ ಇಂಜಿನ್ನಿಂದ ಟಕಟಕ ಸದ್ದು, ಆಕ್ಸಿಲರೇಟರ್ ಒತ್ತಿದರೆ ಗಾಡಿಗೆ ಜೀವವೇ ಇಲ್ಲ, ಬಾನೆಟ್ಟಿನ ಅಂಚುಗಳಿಂದ ಹೊಗೆಯಂಥ ಹಬೆ. ಒಂದು ತಿರುವಿನ ಮೇಲೆ ನಿಂತೇಬಿಟ್ಟಿತು. ಅಮ್ಮನನ್ನು ಇಳಿಸಿ ಮೋಟು ಗೋಡೆಯ ಆಚೆ ಬದಿಗೆ ಕೂರಿಸಿದೆ, ಚಕ್ರಕ್ಕೆ ಕಲ್ಲು ಕೊಟ್ಟೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಕತ್ತಲಾಗ್ತಾ ಇದೆ, ಲಾರಿಗಳು ತಿರುವಿನಲ್ಲಿ ಒಂದೊಂದೂ ನಮ್ಮ ಗಾಡಿಯ ಹಿಂಭಾಗಕ್ಕೆ ಒಂದು ಮೊಳ ಬಿಟ್ಟು ತಿರುಗ್ತಾ ಇವೆ. ಆ ಒಂದೂವರೆ ಗಂಟೆ ಹೇಗೆ ಕಳೀತು ಅಂತ ಬರೆಯೋ ತಾಕತ್ತು ನನಗಿಲ್ಲ. ಅಮ್ಮ ಮಾತ್ರ ಬಾಳೆಹಣ್ಣು ಸುಲಿದು ಕೊಡ್ತಾ ಕೂತಿದ್ದರು. ರೇಡಿಯೇಟರ್ ಕ್ಯಾಪ್ ತೆಗೆದು ನೀರು ಹುಯ್ಯೋಕೆ ಹೊರಟಿದ್ದ ನನ್ನನ್ನು ಲಾರಿ ಡ್ರೈವರೊಬ್ಬ ಓಡಿಬಂದು ತಡೆದ. ತಡೆಯದಿದ್ದರೆ ಕುದಿಯೋ ನೀರು ಮುಖಕ್ಕೇ ಹಾರುತ್ತಿತ್ತು. ಕೊನೆಗೆ ಒಂದು ಪಿಕಪ್ಪಿನವರು ಹಗ್ಗ ಕಟ್ಟಿ ನೆಲ್ಯಾಡಿಗೆ ವಾಪಸ್ ಇಳಿಸಿದರು.

ನೆಲ್ಯಾಡಿಯಲ್ಲಿ ಸಿಕ್ಕಿದವರು ಒಬ್ಬ ಆಟೋ ಎಲೆಕ್ಟ್ರಿಷಿಯನ್. ಅರವತ್ತರ ಹತ್ತಿರದ ವಯಸ್ಸು, ತಗಡಿನ ಶೆಡ್ಡು, ಒಂದು ಬಲ್ಬು. ಬೆಳಿಗ್ಗೆ ಇಂಜಿನ್ ಪೂರ್ತಿ ತಣಿದ ಮೇಲೆ ಟಾರ್ಚ್ ಬಿಟ್ಟು ನೋಡಿದರು. ಎರಡು ವಯರಿನ ಸೆನ್ಸರಿನ ಬುಡದಿಂದ ಕೆಳಕ್ಕೆ ಒಣಗಿದ ತುಕ್ಕುಬಣ್ಣದ ಗೆರೆ.

"ಇದನ್ನು ಯಾರು ತೆಗ್ದದ್ದು ಮಾರಾಯ್ರೆ? ವಾಷರ್ ಓರೆ ಕೂತಿದೆ. ಇಲ್ಲಿಂದ ತಿಂಗಳಿಂದ ಜಿನುಗಿದೆ ನಿಮ್ಮ ಕೂಲಂಟು."

ಆದರೆ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಅರ್ಧಕ್ಕಿತ್ತಲ್ಲ, ನಾನು ಹೊರಡುವ ಮೊದಲು ನೋಡಿದ್ದೆನಲ್ಲ ಅಂದೆ. ನಕ್ಕರು. ಈ ಥರದ ಗಾಡಿಯಲ್ಲಿ ಇಂಜಿನ್ ತಣಿದಾಗ ಡಬ್ಬಿಯಿಂದ ಕೂಲಂಟನ್ನು ವಾಪಸ್ ಎಳೆದುಕೊಳ್ಳಬೇಕು. ಎಲ್ಲೋ ಸಣ್ಣ ಸೋರಿಕೆ ಇದ್ದರೆ ಕೂಲಂಟಿನ ಬದಲು ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತೆ. ಡಬ್ಬಿ ಅರ್ಧ ತುಂಬಿಯೇ ಇರುತ್ತೆ, ರೇಡಿಯೇಟರ್ ಖಾಲಿಯಾಗ್ತಾ ಹೋಗುತ್ತೆ. ತಣ್ಣಗಿದ್ದಾಗ ಕ್ಯಾಪ್ ತೆಗೆದೇ ನೋಡಬೇಕಂತೆ.

ಮುಳ್ಳು ಇಳಿದಿದ್ದು ಯಾಕೆ ಅನ್ನೋದೂ ಆಗ ಗೊತ್ತಾಯ್ತು. ಸೆನ್ಸರು ಇಂಜಿನ್ನಿನ ಶಾಖ ಅಳೆಯಲ್ಲ, ತನ್ನ ಮೂತಿಗೆ ತಾಗಿದ್ದರ ಶಾಖ ಅಳೆಯುತ್ತೆ. ಕೂಲಂಟ್ ಮಟ್ಟ ಇಳಿದು ಮೂತಿ ಖಾಲಿ ಜಾಗಕ್ಕೆ ಬಂದರೆ ಅಲ್ಲಿರೋ ಗಾಳಿ-ಹಬೆ ಲೋಹದ ಶಾಖವನ್ನು ಅದಕ್ಕೆ ಸರಿಯಾಗಿ ಮುಟ್ಟಿಸಲ್ಲ. ಇಂಜಿನ್ ಬೇಯುತ್ತಿರುತ್ತೆ, ಸೆನ್ಸರ್ "ತಂಪಾಗಿದೆ" ಅನ್ನುತ್ತೆ. ಅದನ್ನು ನಂಬಿ ಕಂಪ್ಯೂಟರು ಫ್ಯಾನನ್ನೂ ನಿಲ್ಲಿಸಿಬಿಡುತ್ತೆ! ಘಾಟಿ ಹತ್ತುವಾಗ ಮುಳ್ಳು ಏರಿದರೆ ಭಯ ಬೀಳಿ, ಆದರೆ ಏರಿದ್ದು ಕಾರಣವಿಲ್ಲದೆ ತಟ್ಟನೆ ಬಿದ್ದರೆ ಇನ್ನೂ ಹೆಚ್ಚು ಭಯ ಬೀಳಿ. ಆಗಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. ನಾನು ಓಡಿಸಿದ ಆ ಎರಡು ಕಿಲೋಮೀಟರಿನಲ್ಲೇ ಹೆಡ್ ಬೆಂಡಾಗಿದ್ದು, ಗ್ಯಾಸ್ಕೆಟ್ ಸುಟ್ಟಿದ್ದು. ಅಮ್ಮನ ಹಾಲಿನ ಮಾತು ಕೇಳಿದ್ದರೆ ಒಂದು ವಾಷರಿನಲ್ಲಿ ಮುಗೀತಿತ್ತು.

ನಂತರ ಅವರು ಸೆನ್ಸರನ್ನು ಬಿಚ್ಚಿ ಮಲ್ಟಿಮೀಟರಿನ ಎರಡು ಕಡ್ಡಿ ಅದರ ಪಿನ್ನುಗಳಿಗೆ ಹಿಡಿದರು. 2,200 ಓಮ್ ಚಿಲ್ಲರೆ. ಪಕ್ಕದ ಹೋಟೆಲಿನಿಂದ ಒಂದು ಲೋಟ ಕುದಿನೀರು ತರಿಸಿ ಮೂತಿ ಅದ್ದಿದರು. ಸಂಖ್ಯೆ ದಡದಡ ಇಳಿದು ಮುನ್ನೂರರ ಹತ್ತಿರ ಬಂತು. ನೀರು ಆರುತ್ತಾ ಹೋದ ಹಾಗೆ ಮೆಲ್ಲಗೆ ಏರಿತು, ಎಲ್ಲೂ ಎಗರಾಟ ಇಲ್ಲ. "ಇದಕ್ಕೆ ಎಂತ ಆಗ್ಲಿಲ್ಲ" ಅಂದು ಕಪ್ಲರ್ ಕಡೆ ತಿರುಗಿ ಒಂದು ವಯರನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಎಳೆದರು. ಕೈಗೇ ಬಂತು! ಒಳಗೆ ತಾಮ್ರವೆಲ್ಲ ಹಸಿರು ಪುಡಿಯಾಗಿತ್ತು. ಕಾಯಿಲೆ ಇದ್ದದ್ದು ಅಲ್ಲಿ, ಮೊದಲ ದಿನದಿಂದಲೂ. ಸೆನ್ಸರ್ ಬದಲಾಯಿಸುವಾಗ ಕಪ್ಲರ್ ಅಲ್ಲಾಡಿ ಆ ವಯರು ಮತ್ತೆ ತಾಗುತ್ತಿತ್ತು, ದೀಪ ಆರುತ್ತಿತ್ತು, ಹುಡುಗ ಬಿಲ್ಲು ಕೊಡುತ್ತಿದ್ದ. ಒಳ್ಳೆಯ ಸೆನ್ಸರನ್ನು ಸುಮ್ಮನೆ ಬಿಚ್ಚಿ ಹಾಕಿ ಮಾಡಿದ್ದಕ್ಕೆ ಹೊಸದಾಗಿ ಒಂದು ಸೋರಿಕೆ ಹುಟ್ಟಿತು. ಇಲ್ಲದ ರೋಗಕ್ಕೆ ಆಪರೇಷನ್ ಮಾಡಿ, ಹೊಲಿಗೆ ಬಿಚ್ಚಿಕೊಂಡು ರೋಗಿ ಮಲಗಿದ ಕಥೆ.

ಗಾಡಿ ಇರೋ ಮಿತ್ರರಿಗೆ ಉಪಯೋಗಕ್ಕೆ ಬರಲಿ ಅಂತ ಕಲಿತಿದ್ದನ್ನು ಬರೆದಿಡುತ್ತೇನೆ. ಮೊದಲು, "ಟೆಂಪರೇಚರ್ ಸೆನ್ಸರ್" ಅಂತ ಗ್ಯಾರೇಜಿನಲ್ಲಿ ಕರೆಯೋದು ಒಂದೇ ವಸ್ತುವನ್ನಲ್ಲ. ನಮ್ಮಂಥ ಹಳೇ ಗಾಡಿಗಳಲ್ಲಿ ಥರ್ಮೋಸ್ಟ್ಯಾಟ್ ಕೂರುವ ಗೂಡಿನ ಆಸುಪಾಸು ಎರಡು ಇರಬಹುದು. ಒಂದೇ ವಯರು ಇದ್ದರೆ ಅದು ಸಾಧಾರಣವಾಗಿ ಮೀಟರಿನ ಮುಳ್ಳಿಗೆ ಮಾತ್ರ. ಎರಡು ವಯರಿನದು ಕಂಪ್ಯೂಟರಿಗೆ. ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೇ ಮೂರನೆಯದೊಂದನ್ನು ತಿರುಗಿಸಿರುತ್ತಾರೆ, ಅದು ಸೆನ್ಸರೇ ಅಲ್ಲ, ಫ್ಯಾನಿನ ಸ್ವಿಚ್ಚು. ಇಂತಿಷ್ಟು ಬಿಸಿಗೆ ಆನ್, ಇಂತಿಷ್ಟಕ್ಕೆ ಆಫ್. ಹಾಗಾಗಿ ಮುಳ್ಳು ಏಳ್ತಾ ಇಲ್ಲ, ಆದರೆ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಪೆಟ್ರೋಲ್ ಜಾಸ್ತಿ ಕುಡೀತಾ ಇಲ್ಲ ಅಂದರೆ ಒಂಟಿ ವಯರಿನವನನ್ನು ವಿಚಾರಿಸಬೇಕು. ಮುಳ್ಳು ಸರಿ ಇದೆ, ಆದರೆ ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ, ಕಪ್ಪು ಹೊಗೆ, ಮೈಲೇಜ್ ಇಳಿದಿದೆ ಅಂದರೆ ಎರಡು ವಯರಿನವನನ್ನು. ಇತ್ತೀಚಿನ ಗಾಡಿಗಳಲ್ಲಿ ಒಂದೇ ಸೆನ್ಸರ್ ಕಂಪ್ಯೂಟರಿಗೆ ಹೇಳಿ, ಕಂಪ್ಯೂಟರ್ ಮೀಟರಿಗೆ ಹೇಳೋ ಪದ್ಧತಿಯೇ ಹೆಚ್ಚು.

ಒಂಟಿ ವಯರಿನದರಲ್ಲಿ ಒಂದು ಮಜಾ ಇದೆ. ಅದರ ಇನ್ನೊಂದು ವಯರು ಅಂದರೆ ಇಂಜಿನ್ನೇ, ಅದರ ಹಿತ್ತಾಳೆ ಮರೆಯ ಮೂಲಕ ಅರ್ಥ್ ಆಗುತ್ತೆ. ಸೋರಬಾರದು ಅಂತ ನಲ್ಲಿಗೆ ಸುತ್ತುವ ಬಿಳೀ ಟೆಫ್ಲಾನ್ ಟೇಪನ್ನು ಅದಕ್ಕೆ ಧಾರಾಳವಾಗಿ ಸುತ್ತಿದರೆ ಅರ್ಥೇ ಸರಿಯಾಗಿ ಸಿಗದೆ ಮುಳ್ಳು ಕೆಳಗೇ ಕೂರುತ್ತೆ. ಆಗ "ಹೊಸ ಸೆನ್ಸರೂ ಡೂಪ್ಲಿಕೇಟ್" ಅಂತ ಮೂರನೆಯದು ಬರುತ್ತೆ.

ಎರಡು ವಯರಿನದನ್ನು ಪರೀಕ್ಷೆ ಮಾಡೋಕೆ ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಇಂಜಿನ್ ತಣ್ಣಗಿರಬೇಕು, ಇದನ್ನು ಮರೀಬೇಡಿ. ನಮ್ಮಲ್ಲಿ ಓಡಾಡುವ ಬಹಳಷ್ಟು ಗಾಡಿಗಳ ಸೆನ್ಸರು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 40ರಲ್ಲಿ 1,200ರ ಹತ್ತಿರ, 80ರಲ್ಲಿ 300ರ ಸ್ವಲ್ಪ ಮೇಲೆ, 100ರಲ್ಲಿ 200ಕ್ಕಿಂತ ಕಡಿಮೆ ತೋರಿಸುತ್ತೆ. ಎಲ್ಲಾ ಕಂಪನಿಗಳದೂ ಹೀಗೇ ಇರಲ್ಲ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಆದರೆ ಸಂಖ್ಯೆಗಿಂತ ಮುಖ್ಯ ಅದು ಬಿಸಿಗೆ ನುಣ್ಣಗೆ ಇಳೀಬೇಕು, ನಡುವೆ ಎಗರಬಾರದು, ಅನಂತಕ್ಕೂ ಸೊನ್ನೆಗೂ ಹೋಗಬಾರದು. ಸೆನ್ಸರನ್ನು ಬಿಚ್ಚೋದೂ ಬೇಡ ಅಂದರೆ ಇನ್ನೊಂದು ಉಪಾಯ: ಸ್ಕ್ಯಾನರ್ ಹಾಕಿಕೊಂಡು ಕಪ್ಲರ್ ಮಾತ್ರ ಕಳಚಿ. ಮೈನಸ್ 40 ತೋರಿಸಬೇಕು. ಆಮೇಲೆ ಕಪ್ಲರಿನ ಎರಡು ಪಿನ್ನನ್ನು ಒಂದು ತುಂಡು ವಯರಿನಿಂದ ಜೋಡಿಸಿ. ಸಂಖ್ಯೆ ತಲೆಕೆಳಗಾಗಿ 130-140ರ ಆಚೆ ಹಾರಬೇಕು. ಎರಡೂ ಸರಿಯಾಗಿ ಆದರೆ ವಯರೂ ಕಂಪ್ಯೂಟರೂ ಸರಿ ಇವೆ, ಆಗ ಸೆನ್ಸರಿನ ಮೇಲೆ ಗುಮಾನಿ ಪಡಬಹುದು. ಆಗದಿದ್ದರೆ ವಯರು ಹುಡುಕಿ. (ಕೆಲವು ಕಾರುಗಳು ಕಪ್ಲರ್ ಕಳಚಿದಾಗ ಮೈನಸ್ 40ರ ಬದಲು ತಾವೇ ಊಹಿಸಿದ ಒಂದು ಸಂಖ್ಯೆ ತೋರಿಸುತ್ತವೆ, ಗಾಬರಿಯಾಗಬೇಡಿ.) ಗಾಡಿ ರಾತ್ರಿಯಿಡೀ ನಿಂತಿದ್ದಾಗ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೂಲಂಟ್ ಶಾಖ, ಒಳಬರುವ ಗಾಳಿಯ ಶಾಖ ಎರಡನ್ನೂ ಸ್ಕ್ಯಾನರಿನಲ್ಲಿ ನೋಡೋದು ಎಲ್ಲಕ್ಕಿಂತ ಸುಲಭ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 22, ಇನ್ನೊಂದು 51 ಅಂದರೆ ಯಾರೋ ಒಬ್ಬರು ಸುಳ್ಳು ಹೇಳ್ತಾ ಇದ್ದಾರೆ.

ಇನ್ನು ಹೈವೇಯಲ್ಲಿ ಎಷ್ಟು ಓಡಿಸಿದರೂ 70 ಡಿಗ್ರಿ ದಾಟ್ತಾ ಇಲ್ಲ ಅಂದರೆ, ಪಿ0128 ಬಂದರೆ, ಹೆಚ್ಚಿನ ಸಲ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರುತ್ತೆ. ಸೆನ್ಸರ್ ನಿಜವನ್ನೇ ಹೇಳ್ತಾ ಇರುತ್ತೆ. ಅಲ್ಲೂ ಮೊದಲು ಬಲಿಯಾಗೋದು ಸೆನ್ಸರೇ, ಯಾಕೆಂದರೆ ಅದನ್ನು ಬಿಚ್ಚೋದು ಸುಲಭ.

ಸರಿ, ತಪ್ಪು ಯಾರದ್ದು? ಗ್ಯಾರೇಜಿನವರನ್ನು ಬೈದು ಮುಗಿಸಬಹುದಿತ್ತು. ಆದರೆ ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ದೀಪ ಮೊದಲ ಸಲ ಹತ್ತಿದಾಗ ನಾನು ಹೋಗಿದ್ದು ಆ ಟೈಲ್ಸಿನ ಗ್ಯಾರೇಜಿಗಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ, ಅವನ ಹತ್ತಿರ. ಅವನು "ಸಾರ್, ಅರ್ಧ ದಿನ ಬಿಟ್ಟು ಹೋಗಿ, ವಯರಿಂಗ್ ಎಲ್ಲಾ ಚೆಕ್ ಮಾಡ್ಬೇಕು. ಚೆಕಿಂಗಿಗೆ ನಾನೂರು ಆಗುತ್ತೆ, ಏನೂ ಸಿಗಲಿಲ್ಲ ಅಂದ್ರೂ ನಾನೂರು" ಅಂದಿದ್ದ. "ಬರೀ ನೋಡೋದಕ್ಕೇ ನಾನೂರಾ?" ಅಂತ ನಾನು ನಕ್ಕು ಗಾಡಿ ತಿರುಗಿಸಿಕೊಂಡು ಬಂದಿದ್ದೆ!

ನಾವು ಕೊಡೋದು ಕೈಗೆ ಸಿಗೋ ಸಾಮಾನಿಗೆ, ಡಬ್ಬಿಯಲ್ಲಿ ಬಂದಿದ್ದಕ್ಕೆ. ಯೋಚನೆಗೆ ಕೊಡಲ್ಲ. ಡಾಕ್ಟರಿಗೆ ಫೀಸು ಕೊಡ್ತೀವಿ, ಅವರು ಮಾತ್ರೆ ಬರೆಯದೆ "ಏನೂ ಇಲ್ಲ ಹೋಗಿ" ಅಂದರೆ ಇನ್ನೂ ಸಂತೋಷದಿಂದ ಕೊಡ್ತೀವಿ. ಮೆಕ್ಯಾನಿಕ್ "ಸೆನ್ಸರ್ ಸರಿ ಇದೆ, ಪಿನ್ ಉಜ್ಜಿದೆ, ನಾನೂರು ಕೊಡಿ" ಅಂದರೆ ಮೋಸ ಅನ್ನಿಸುತ್ತೆ. ಸೆನ್ಸರ್ ಬದಲಾಯಿಸಿ 1,850 ಅಂದರೆ ನ್ಯಾಯ ಅನ್ನಿಸುತ್ತೆ. ಹೀಗಿದ್ದ ಮೇಲೆ ಅವನು ಯಾಕೆ ಅರ್ಧ ದಿನ ಮಲ್ಟಿಮೀಟರ್ ಹಿಡಿದು ಕೂರ್ತಾನೆ? ಅಳೆಯೋದಕ್ಕೆ ಕಾಸಿಲ್ಲ, ಬದಲಾಯಿಸೋದಕ್ಕೆ ಕಾಸಿದೆ. ಸ್ಕ್ಯಾನರ್ ಬಂದ ಮೇಲೆ ಇದಕ್ಕೊಂದು ವೈಜ್ಞಾನಿಕ ಮುದ್ರೆಯೂ ಬಿತ್ತು. ಹಾಗಾಗಿ ನಾನು ಈಗ ಹೇಳೋದು ಇಷ್ಟೇ: ಚೆಕಿಂಗಿಗೆ ಅಂತ ಬೇರೆಯಾಗಿ ದುಡ್ಡು ಕೇಳುವವನು ಸಿಕ್ಕರೆ ಚೌಕಾಸಿ ಮಾಡದೆ ಕೊಡಿ. ಮತ್ತೆ ಯಾರಾದರೂ ಸೆನ್ಸರ್ ಹೋಗಿದೆ ಅಂದರೆ "ಎಷ್ಟು ಓಮ್ ಬಂತು?" ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಸಂಖ್ಯೆ ಹೇಳಿದರೆ ಬದಲಾಯಿಸಲಿ, ಮುಖ ನೋಡಿದರೆ ಕೀ ಇಸ್ಕೊಂಡು ಬನ್ನಿ.

ನನ್ನ ಗೆಳೆಯನೊಬ್ಬ ಇದಕ್ಕೆ ಒಪ್ಪಲ್ಲ. "ಸಾವಿರ ಎರಡು ಸಾವಿರದ ಸೆನ್ಸರು, ಲಕ್ಷದ ಇಂಜಿನ್ನು. ಅನುಮಾನ ಬಂದ ಕೂಡಲೇ ಬದಲಾಯಿಸೋದು ಜಾಣತನ ಕಣೋ. ನಿನ್ನ ಅರ್ಧ ದಿನದ ಸಂಬಳ ಎಷ್ಟು ಲೆಕ್ಕ ಹಾಕು" ಅಂತಾನೆ. ಅವನ ಮಾತಲ್ಲೂ ಅರ್ಥ ಇದೆ, ಹಳೇ ಸೆನ್ಸರುಗಳು ನಿಜವಾಗಿಯೂ ಸಾಯ್ತವೆ. ಆದರೆ ಸುಮ್ಮನೆ ಬದಲಾಯಿಸಿದಾಗ ಹೋಗೋದು ಬರೀ ದುಡ್ಡಲ್ಲ. ದೀಪ ಆರಿದ ಕೂಡಲೇ ಹುಡುಕೋದು ನಿಂತುಹೋಗುತ್ತೆ, ನಿಜವಾದ ತೊಂದರೆ ಒಳಗೇ ಕೂತಿರುತ್ತೆ. ನನ್ನ ವಯರು ಕೂತಿದ್ದ ಹಾಗೆ.

ಮಾತು ಬಂತು ಅಂತ ಇನ್ನೊಂದು ಸಿಟ್ಟು ಕಾರಿಕೊಂಡುಬಿಡ್ತೀನಿ. ಇತ್ತೀಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕುದಿದರೆ ಕೆಂಪು ದೀಪ. ನಡುವಿನದು ನಮಗೆ ಬೇಡವಂತೆ! ಮುಳ್ಳು ಇರುವ ಹಲವು ಕಾರುಗಳಲ್ಲೂ ಅದಕ್ಕೆ ಬುದ್ಧಿ ಕಲಿಸಿ ಇಟ್ಟಿರುತ್ತಾರೆ, ಸುಮಾರು 75ರಿಂದ 105 ಡಿಗ್ರಿವರೆಗೂ ನಡುಮಧ್ಯದಲ್ಲೇ ನಿಂತಿರು ಅಂತ. ಗಿರಾಕಿಗಳು ಮುಳ್ಳು ಸ್ವಲ್ಪ ಅಲ್ಲಾಡಿದರೆ ಹೆದರಿಕೊಂಡು ಸರ್ವಿಸ್ ಸ್ಟೇಷನ್ನಿಗೆ ಓಡಿ ಬರ್ತಾರೆ ಅನ್ನೋದು ಕಾರಣವಂತೆ. ಬರಲಿ ಬಿಡಿ, ಸ್ವಲ್ಪ ಹೆದರಿಕೊಳ್ಳೋದು ಒಳ್ಳೇದೇ. ಅಷ್ಟಕ್ಕೂ ಆ ಕೆಂಪು ದೀಪಕ್ಕೆ ಸುದ್ದಿ ಕೊಡೋದು ಅದೇ ಸೆನ್ಸರು. ಕೂಲಂಟ್ ಸೋರಿ ಅದು ಒಣಗಿದ್ದರೆ ದೀಪ ಸಕಾಲಕ್ಕೆ ಹತ್ತುತ್ತೆ ಅಂತ ನಂಬೋ ಹಾಗಿಲ್ಲ. ಕೂಲಂಟಿನ ಮಟ್ಟವನ್ನೇ ನೋಡುವ ಸೆನ್ಸರ್ ಕೆಲವು ಗಾಡಿಗಳಲ್ಲಿ ಇರುತ್ತೆ. ಸನ್‌ರೂಫ್ ಕೊಡುವವರು ಅದನ್ನು ಎಲ್ಲಾ ಗಾಡಿಗೂ ಕೊಡಬಾರದಾ?

ಒಟ್ಟು ಲೆಕ್ಕ: ಹೆಡ್ ಬಿಚ್ಚಿ ಲೇತಿಗೆ ಕೊಟ್ಟು ಮಟ್ಟ ಮಾಡಿಸಿದ್ದು, ಗ್ಯಾಸ್ಕೆಟ್ ಸೆಟ್ಟು, ಲೇಬರು, ಗಾಡಿಯನ್ನು ನೆಲ್ಯಾಡಿಯಿಂದ ಲಾರಿ ಮೇಲೆ ಹೇರಿಕೊಂಡು ಬಂದಿದ್ದು ಎಲ್ಲಾ ಸೇರಿ 41,300. ನೆಲ್ಯಾಡಿಯವರು ವಯರಿಗೆ ಹೊಸ ಪಿನ್ ಹಾಕಿ, ಇಡೀ ಬೆಳಿಗ್ಗೆ ಚೆಕ್ ಮಾಡಿದ್ದಕ್ಕೆ ಕೇಳಿದ್ದು ಇನ್ನೂರೈವತ್ತು. ಐನೂರು ಕೊಡೋಕೆ ಹೋದರೆ ಅಮ್ಮನ ಹಪ್ಪಳದ ಡಬ್ಬ ನೋಡಿ "ಅದು ಎರಡು ಕೊಟ್ರೆ ಸಾಕು" ಅಂದರು. ಅಮ್ಮ ಒಂದು ಡಬ್ಬವನ್ನೇ ಇಟ್ಟು ಬಂದರು.

ಬೆಂಗಳೂರಿಗೆ ಬಂದ ಮೇಲೆ ಆ ಟೈಲ್ಸಿನ ಗ್ಯಾರೇಜಿಗೆ ಹೋಗಿ ಎರಡು ಸೆನ್ಸರು, ಒಂದು ಓರೆಯಾದ ವಾಷರು, ಒಂದು ತುಂಡು ಹಸಿರು ವಯರು ಕೌಂಟರಿನ ಮೇಲೆ ಇಟ್ಟು ಎಲ್ಲಾ ಹೇಳಿದೆ. ಮ್ಯಾನೇಜರ್ ತುಂಬಾ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡ. ಕಾಫಿ ಕೊಡಿಸಿದ. ಕಂಪ್ಯೂಟರಿನಲ್ಲಿ ನನ್ನ ಹಳೇ ಬಿಲ್ಲು ಹುಡುಕಿ ತೆಗೆದು, ಮುಖ ಅರಳಿಸಿಕೊಂಡು ಹೇಳಿದ:

"ಸಾರ್, ಇನ್ನೂ ಆರು ತಿಂಗಳ ವಾರಂಟಿ ಮುಗಿದಿಲ್ಲ. ಗಾಡಿ ತಗೊಂಡ್ಬನ್ನಿ, ಹೊಸಾ ಸೆನ್ಸರ್ ಫ್ರೀಯಾಗಿ ಹಾಕ್ಕೊಡ್ತೀವಿ."